ಪದಚರ್ಚೆ: ‘ಅರೆಸ್ಟ್ ರೆಕಾರ್ಡ್’, ‘ಬುಕಿಂಗ್’, ‘ಕೌಂಟಿ’ – ಕನ್ನಡದಲ್ಲಿ ಏನೆನ್ನೋಣ? (ಗುರುವಾರದೊಳಗೆ ಬೇಕು)

ಇಂದ: ಅನುವಾದಕಿ, ಸನಿವೇಲ್

ಹಿರಿಯರಿಗೆಲ್ಲ ನಮಸ್ಕಾರ. ಎರಡು ಪುಟದ ಕರಪತ್ರವೊಂದು ಗುರುವಾರ ಅಚ್ಚಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ, ಅಲಮೀಡಾ ಕೌಂಟಿಗಳಲ್ಲಿರುವ ಕನ್ನಡ ಕುಟುಂಬಗಳಿಗಾಗಿ ಮಾಡುತ್ತಿರುವುದು. ಮನೆಯವರೊಬ್ಬರನ್ನು ಪೊಲೀಸರು ಹಿಡಿದೊಯ್ದರೆ ಅವರು ಎಲ್ಲಿದ್ದಾರೆ, ಆರೋಪ ಏನು, ಜಾಮೀನು ಎಷ್ಟು ಎಂಬುದನ್ನು ಸಾರ್ವಜನಿಕ ದಾಖಲೆಯಲ್ಲಿ ಹುಡುಕುವ ಬಗೆ ಅದರಲ್ಲಿದೆ. ಓದುವವರು ಹೆಚ್ಚಾಗಿ ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವಂದಿರು.

ಸಿಕ್ಕಿಕೊಂಡಿರುವ ಪದಗಳು: ಅರೆಸ್ಟ್ ರೆಕಾರ್ಡ್, ಬುಕಿಂಗ್, ಕೌಂಟಿ (ರಾಜ್ಯದೊಳಗಿನ ಆಡಳಿತ ವಿಭಾಗ), ಶೆರಿಫ್, ಡಿಸ್ಪೊಸಿಷನ್ (ಕೇಸು ಕೊನೆಗೆ ಏನಾಯಿತು ಎಂಬುದು), ಸೀಲ್ಡ್ ರೆಕಾರ್ಡ್ (ಜನರು ನೋಡದಂತೆ ಮುಚ್ಚಿಸಿದ್ದು). ನನ್ನ ಕರಡಿನ ಮೊದಲ ವಾಕ್ಯ ಹೀಗಿದೆ: ‘ಜಿಲ್ಲಾ ಶೆರಿಫರ ಜಾಲತಾಣದಲ್ಲಿ ಬಂಧನ ದಾಖಲೆ ನೋಡಿ, ಬುಕಿಂಗ್ ಆಗಿದ್ದರೆ ಹೆಸರು ಸಿಗುತ್ತದೆ.’ ಇದು ಸರಿಯಾಗಿ ಕೂತಿಲ್ಲ. ಎಲ್ಲಿ ತಪ್ಪಿದೆ ಎಂದು ದಯವಿಟ್ಟು ತೋರಿಸಿಕೊಡಿ.

ಇಂದ: ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

ತಪ್ಪಿರುವುದು ಮೊದಲ ಪದದಲ್ಲೇ. ‘ಬಂಧನ’ ಸಂಸ್ಕೃತ, ‘ದಸ್ತಗಿರಿ’ ಪಾರಸಿ, ‘ಅರೆಸ್ಟ್’ ಇಂಗ್ಲಿಷ್. ನಮ್ಮದು ‘ಸೆರೆ’. ಹಳಗನ್ನಡದಲ್ಲಿ ಶಕಟರೇಫದ (ಹಳೆಯ ‘ಱ’ ಅಕ್ಷರದ) ‘ಸೆಱೆ’, ತಮಿಳಿನ ‘ಸಿಱೈ’ಗೆ ಒಡಹುಟ್ಟು. ಸೆರೆಹಿಡಿ, ಸೆರೆಯಾಳು, ಸೆರೆಮನೆ ಇಷ್ಟೆಲ್ಲ ಇರುವಾಗ ‘ಸೆರೆಪಟ್ಟಿ’ ಎಂದರೆ ಅರೆಸ್ಟ್ ರೆಕಾರ್ಡ್ ಆಯಿತು. ‘ಕೈದಿ’ ಕೂಡ ನಮ್ಮದೇ: ಕೈ ಕಟ್ಟಿಸಿಕೊಂಡವನು.

ಶೆರಿಫ್ ಎಂಬುದರ ಒಳಗೆ ಹೋಗಿ ನೋಡಿ. ಹಳೆಯ ಇಂಗ್ಲಿಷಿನ ‘ಶೈರ್’ ಮತ್ತು ‘ರೀವ್’ ಕೂಡಿ ಆದದ್ದು. ಶೈರ್ ಎಂದರೆ ನಾಡು, ರೀವ್ ಎಂದರೆ ಅದನ್ನು ನೋಡಿಕೊಳ್ಳುವ ಅಧಿಕಾರಿ. ಕನ್ನಡದಲ್ಲಿ ‘ನಾಡಗೌಡ’ ಎಂಬ ಪದ ಇದಕ್ಕೆ ಅಳತೆ ತೆಗೆದು ಹೊಲಿದಂತಿದೆ. ಕೌಂಟಿ ‘ನಾಡು’, ಶೆರಿಫ್ ‘ನಾಡಗೌಡ’. ಎರವಲು ಯಾಕೆ ಬೇಕು?

ಇಂದ: ಧಾರವಾಡ

ಮೇಷ್ಟ್ರ, ‘ಸೆರೆಪಟ್ಟಿ’ ಬ್ಯಾಡ್ರಿ. ನಮ್ಮ ಕಡೆ ಸೆರೆ ಅಂದ್ರ ಕುಡಿಯೂದು, ಸಾರಾಯಿ. ಮಗಾ ಜೈಲಿನ್ಯಾಗ ಅದಾನ ಅಂತ ಗಾಬರಿ ಆಗಿರೋ ತಾಯಿಗೆ ಸೆರೆಪಟ್ಟಿ ನೋಡ್ರಿ ಅಂದ್ರ ಏನ್ ತಿಳೀತದ? ನಾಡಗೌಡ ಅನ್ನೂದು ನಮ್ಮಲ್ಲಿ ಅಡ್ಡಹೆಸರು, ಅಂದ್ರ ಮನೆತನದ ಹೆಸರು.

‘ಕೈದಿ’ಗೂ ಕೈಗೂ ಸಂಬಂಧ ಇಲ್ಲ. ಅರಬ್ಬಿಯ ‘ಕೈದ್’ನಿಂದ ಬಂದದ್ದು. ಹಳಗನ್ನಡದ ‘ಕೈದು’ ಅಂದ್ರ ಆಯುಧ. ಎರಡೂ ಬ್ಯಾರೆ. ಕಿಟ್ಟೆಲ್ 1894ರಾಗ ಅಚ್ಚು ಹಾಕಿದ ನಿಘಂಟು ಎಲ್ಲರ ಮನ್ಯಾಗೂ ಅದ, ತಗದು ನೋಡಬೇಕು.

ಇಂದ: ನ್ಯಾಯಾಲಯ ಅನುವಾದಕ, ಬೆಂಗಳೂರು

ಅಮ್ಮ, ನಿಮಗೆ ಬೇಕಾದ್ದು ‘ದಸ್ತಗಿರಿ’. ದಸ್ತ್ ಅಂದರೆ ಕೈ, ಗಿರಿ ಅಂದರೆ ಹಿಡಿಯುವುದು. ಪೊಲೀಸ್ ಮೈಮೇಲೆ ಕೈಯಿಟ್ಟ ಆ ಕ್ಷಣ. ದಸ್ತಾವೇಜಿನಲ್ಲಿರುವ ದಸ್ತೂ ಅದೇ. ಕರ್ನಾಟಕದ ಠಾಣೆ ಕಾಗದಗಳಲ್ಲಿ ಬಹಳ ಕಾಲ ಸವೆದ ಪದ, ನಿಮ್ಮ ಓದುಗರಿಗೆ ಗೊತ್ತು. ‘ಬಂಧನ’ ಯಾಕೆ ಬೇಡ ಅಂದರೆ, ನಾವು ನ್ಯಾಯಾಂಗ ಬಂಧನ ಅಂತಲೂ ಬರೆಯುತ್ತೇವೆ. ಹಿಡಿದದ್ದು ಬೇರೆ, ಒಳಗೆ ಇಟ್ಟದ್ದು ಬೇರೆ. ಹಿಡಿದದ್ದಕ್ಕೆ ದಸ್ತಗಿರಿ, ಒಳಗಿರುವ ಸ್ಥಿತಿಗೆ ಬಂಧನ ಅಂತ ಗೆರೆ ಎಳೆದುಕೊಳ್ಳಿ.

‘ಬುಕಿಂಗ್’ ಅತಿ ಅಪಾಯದ ಪದ. ನಮ್ಮಲ್ಲಿ ‘ಕೇಸ್ ಬುಕ್ ಮಾಡಿದ್ರು’ ಅಂದರೆ ಎಫ್‌ಐಆರ್ ಆಯಿತು ಅಂತ. ಅಲ್ಲಿ ಬುಕಿಂಗ್ ಅಂದರೆ ಜೈಲಿನ ಬಾಗಿಲಲ್ಲಿ ಹೆಸರು ಬರೆದು, ಬೆರಳಚ್ಚು ತೆಗೆದು, ಫೋಟೋ ಹೊಡೆದು, ಜೇಬಿನಲ್ಲಿದ್ದದ್ದನ್ನು ಚೀಲಕ್ಕೆ ಹಾಕಿ ಒಳಗೆ ಸೇರಿಸುವುದು. ಕೋರ್ಟಿಗೆ ಇನ್ನೂ ಏನೂ ಹೋಗಿರುವುದಿಲ್ಲ. ‘ಜೈಲು ದಾಖಲಾತಿ’ ಎನ್ನಿ. ಶಾಲಾ ದಾಖಲಾತಿ ಇದ್ದಂತೆ. ಆದರೆ ಕಾಗದಪತ್ರಕ್ಕೆ ‘ದಾಖಲಾತಿಗಳು’ ಎಂದು ಬರೆಯುವ ಚಾಳಿ ಇದೆಯಲ್ಲ, ಅದನ್ನು ಈ ಕರಪತ್ರದಲ್ಲಿ ಪೂರಾ ಬಿಡಬೇಕು. ಕಾಗದಕ್ಕೆ ದಾಖಲೆ, ಸೇರಿಸುವುದಕ್ಕೆ ದಾಖಲಾತಿ.

ಡಿಸ್ಪೊಸಿಷನ್‌ಗೆ ‘ವಿಲೇವಾರಿ ಆದೇಶ’. ಕೌಂಟಿಗೆ ‘ಜಿಲ್ಲೆ’ ಸಾಕು.

ಇಂದ: ಕಾನೂನು ಸಹಾಯಕಿ, ಫ್ರೀಮಾಂಟ್

ಜಿಲ್ಲೆ ಸಾಲದು. ಇಲ್ಲಿ ‘ಡಿಸ್ಟ್ರಿಕ್ಟ್’ ಎಂಬುದು ಬೇರೆಯೇ ಇದೆ. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನ ನಾರ್ದರ್ನ್ ಡಿಸ್ಟ್ರಿಕ್ಟ್‌ನೊಳಗೆ 15 ಕೌಂಟಿಗಳಿವೆ, ಈ ಎರಡೂ ಅದರಲ್ಲೇ ಸೇರಿವೆ. ಆರೋಪ ಹೊರಿಸುವವರು ಡಿಸ್ಟ್ರಿಕ್ಟ್ ಅಟಾರ್ನಿ, ಆದರೆ ಅವರು ಕೌಂಟಿಯವರು. ಕೌಂಟಿಯನ್ನು ಜಿಲ್ಲೆ ಎಂದ ಕೂಡಲೇ ಓದುವವರು ‘ಡಿಸ್ಟ್ರಿಕ್ಟ್ ಕೋರ್ಟ್’ ಎಂದು ಹುಡುಕಿ ಫೆಡರಲ್ ತಾಣಕ್ಕೆ ಹೋಗಿ ನಿಲ್ಲುತ್ತಾರೆ. ಅವರ ಮುಂದಿರುವುದು ಇಂಗ್ಲಿಷ್ ಪರದೆ. ಪರದೆಯ ಮೇಲೆ ಒತ್ತಬೇಕಾದ ಪದಗಳನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದು, ಪಕ್ಕದಲ್ಲಿ ಕನ್ನಡದ ಅರ್ಥ ಕೊಡಿ. ಕೌಂಟಿ, ಶೆರಿಫ್, ಇನ್‌ಮೇಟ್ (ಜೈಲಿನಲ್ಲಿರುವವರು), ಬುಕಿಂಗ್ ಹಾಗೇ ಇರಲಿ. ಶೆರಿಫ್‌ಗೆ ಒಂದು ಸಾಲಿನ ಅರ್ಥ ಬೇಕೇ ಬೇಕು: ಕೌಂಟಿಯ ಮತದಾರರು ಆರಿಸುವ ಪೊಲೀಸ್ ಮುಖ್ಯಸ್ಥ, ಜೈಲೂ ಅವರದೇ. ಮುಂಬೈ, ಕೋಲ್ಕತ್ತದ ಶೆರಿಫ್ ಗೌರವ ಹುದ್ದೆ, ಅದನ್ನು ನೆನೆದು ಯಾರೂ ಮೋಸಹೋಗಬಾರದು.

ಪದಕ್ಕಿಂತ ದೊಡ್ಡ ತಪ್ಪುಗಳು ಕರಡಿನಲ್ಲಿವೆ. ಹುಡುಕಬೇಕಾದದ್ದು ಮನೆ ಇರುವ ಕೌಂಟಿಯಲ್ಲಲ್ಲ, ಹಿಡಿದ ಜಾಗದ ಕೌಂಟಿಯಲ್ಲಿ. ಮಿಲ್ಪಿಟಾಸ್ ಸಾಂತಾ ಕ್ಲಾರಾಕ್ಕೆ ಸೇರಿದ್ದು, ಅದಕ್ಕೆ ಅಂಟಿಕೊಂಡ ಫ್ರೀಮಾಂಟ್ ಅಲಮೀಡಾಕ್ಕೆ. ಒಂದೇ ರಸ್ತೆಯಲ್ಲಿ ಗಡಿ ದಾಟುತ್ತದೆ. ಸನಿವೇಲ್, ಸ್ಯಾನ್ ಹೊಸೆಗೆ ತಮ್ಮದೇ ಪೊಲೀಸರಿದ್ದಾರೆ. ಕೂಪರ್ಟಿನೋ, ಸಾರಟೋಗಾಕ್ಕೆ ಶೆರಿಫ್ ಕಚೇರಿಯೇ ಪೊಲೀಸ್. ಇವರಲ್ಲಿ ಯಾರೇ ಹಿಡಿದರೂ ಸಾಮಾನ್ಯವಾಗಿ ಜೈಲು ಕೌಂಟಿಯದು: ಸಾಂತಾ ಕ್ಲಾರಾದವರಿಗೆ ಸ್ಯಾನ್ ಹೊಸೆಯ ಮೇನ್ ಜೈಲು ಅಥವಾ ಮಿಲ್ಪಿಟಾಸ್‌ನ ಎಲ್ಮ್‌ವುಡ್, ಅಲಮೀಡಾದವರಿಗೆ ಡಬ್ಲಿನ್ ಊರಿನ ಸಾಂತಾ ರೀಟಾ.

ಶೆರಿಫ್ ತಾಣದಲ್ಲಿ ಇನ್‌ಮೇಟ್ ಹುಡುಕಾಟ ತೆರೆದ ಮೇಲೆ ನಮ್ಮವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಮಂಜುನಾಥ ಎಂಬ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಕುಲನಾಮವಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದಿರುತ್ತದೆ. ಅದೇ ಲೈಸೆನ್ಸಿಗೆ, ಅಲ್ಲಿಂದ ಜೈಲಿಗೆ ಹೋಗುತ್ತದೆ. ಹಾಗಾಗಿ ಮೊದಲು ಲೈಸೆನ್ಸಿನಲ್ಲಿರುವಂತೆ ಹುಡುಕಬೇಕು, ಸಿಗದಿದ್ದರೆ ಹಿಂದುಮುಂದು ಮಾಡಿ, ಆಮೇಲೆ ಊರಿನ ಹೆಸರು ಅಥವಾ ಅಪ್ಪನ ಹೆಸರನ್ನು ಕುಲನಾಮವಾಗಿ ಹಾಕಿ. ಹೆಸರು ಸಿಕ್ಕಿತೆಂದು ನಂಬಬಾರದು, ಹುಟ್ಟಿದ ತಾರೀಖು ಅಥವಾ ವಯಸ್ಸು ಹೊಂದುತ್ತದೆಯೇ ನೋಡಬೇಕು. ಎರಡೂ ಕೌಂಟಿಗಳಲ್ಲಿ ಜೈಲಿಗೆ ಸೇರಿದ ಪ್ರತಿಯೊಬ್ಬರಿಗೂ ‘ಪಿಎಫ್‌ಎನ್’ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮುಂದೆ ಹೆಸರಿನ ತಲೆನೋವಿಲ್ಲ.

ಆರೋಪವನ್ನು ಸಂಕೇತದಲ್ಲಿ ಬರೆದಿರುತ್ತಾರೆ. ‘ವಿಸಿ 23152(ಎ)’, ಮುಂದೆ ‘ಎಂ’ ಎಂದಿದ್ದರೆ ಕುಡಿದು ವಾಹನ ಓಡಿಸಿದ ಆರೋಪ, ಲಘು ಅಪರಾಧ. ವಿಸಿ ಅಂದರೆ ವಾಹನ ಸಂಹಿತೆ, ಪಿಸಿ ಅಂದರೆ ದಂಡ ಸಂಹಿತೆ. ಇಲ್ಲಿ ಪಿಸಿ ಎಂದರೆ ಪೊಲೀಸ್ ಕಾನ್‌ಸ್ಟೇಬಲ್ ಅಲ್ಲ ಎಂದು ಬರೆಯಲೇಬೇಕು, ಊರಿನವರು ಹಾಗೇ ಓದುತ್ತಾರೆ. ‘ಎಫ್’ ಇದ್ದರೆ ಘೋರ ಅಪರಾಧ.

ಹೆಸರು ಕಾಣಲಿಲ್ಲವೆಂದರೆ ಕಾರಣ ಹಲವು. ಬುಕಿಂಗ್ ಮುಗಿಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಲಘು ಅಪರಾಧಕ್ಕೆ ನೋಟಿಸ್ ಕೊಟ್ಟು ರಸ್ತೆಯಲ್ಲೇ ಬಿಟ್ಟಿದ್ದರೆ ಜೈಲಿನ ದಾಖಲಾತಿಯೇ ಇರುವುದಿಲ್ಲ. ಈ ಪಟ್ಟಿ ಸದ್ಯ ಒಳಗಿರುವವರದು, ಬಿಡುಗಡೆಯಾದ ಮೇಲೆ ಹುಡುಕಿ ಫಲವಿಲ್ಲ. ವಲಸೆ ಇಲಾಖೆ ಹಿಡಿದಿದ್ದರೆ ಕೌಂಟಿಯಲ್ಲಿ ಸಿಗುವುದೇ ಇಲ್ಲ. ಅದಕ್ಕೆ ಆ ಇಲಾಖೆಯ (‘ಐಸ್’, ಐಸಿಇ) ಪ್ರತ್ಯೇಕ ತಾಣವಿದೆ, ‘ಎ’ ಸಂಖ್ಯೆ (ವಲಸೆ ಇಲಾಖೆ ವಿದೇಶಿಯರಿಗೆ ಕೊಡುವ ಗುರುತಿನ ಸಂಖ್ಯೆ) ಮತ್ತು ಹುಟ್ಟಿದ ದೇಶ ಕೇಳುತ್ತದೆ.

ಬಿಡುಗಡೆಯಾದವರ ವಿವರ ಬೇಕಾದರೆ, ಹಿಡಿದ ಪೊಲೀಸ್ ಕಚೇರಿಗೆ ಸಾರ್ವಜನಿಕ ದಾಖಲೆ ಕಾಯ್ದೆಯಡಿ ಅರ್ಜಿ. ಹೆಸರು, ಉದ್ಯೋಗ, ಹಿಡಿದ ಹೊತ್ತು ಮತ್ತು ಜಾಗ, ಎಲ್ಲ ಆರೋಪಗಳು, ಜಾಮೀನಿನ ಮೊತ್ತ, ಬಿಟ್ಟ ಬಗೆ ಇವನ್ನು ಕೊಡಬೇಕೆಂದು ಕ್ಯಾಲಿಫೋರ್ನಿಯಾ ಸರ್ಕಾರಿ ಸಂಹಿತೆಯ 7923.610ನೇ ಕಲಮು ಹೇಳುತ್ತದೆ. 2023ಕ್ಕೆ ಮೊದಲು ಅದೇ 6254(ಎಫ್) ಆಗಿತ್ತು, ಹಳೆಯ ಮಾದರಿ ಅರ್ಜಿಗಳಲ್ಲಿ ಆ ಸಂಖ್ಯೆಯೇ ಉಳಿದಿದೆ. ಕೊಡುತ್ತಾರೋ ಇಲ್ಲವೋ ಎಂದು 10 ದಿನದಲ್ಲಿ ತಿಳಿಸಬೇಕು, ವಿಶೇಷ ಕಾರಣವಿದ್ದರೆ ಇನ್ನೂ 14 ದಿನ.

ಕೇಸು ಏನಾಯಿತು ಎಂಬುದು ಪೊಲೀಸರಲ್ಲಿ ಸಿಗದು, ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲೇ (ವಿಚಾರಣೆ ನಡೆಸುವ ಕೋರ್ಟು) ಸಿಗಬೇಕು. ಕ್ರಿಮಿನಲ್ ಕೇಸಿನ ಕಾಗದಗಳನ್ನು ಮನೆಯಿಂದ ತೆರೆಯಲು ನಿಯಮ ಬಿಡುವುದಿಲ್ಲ, ಕೋರ್ಟಿನ ಕಂಪ್ಯೂಟರಿನಲ್ಲೇ ನೋಡಬೇಕು. ನಕಲು ಪುಟಕ್ಕೆ 50 ಸೆಂಟ್, ದೃಢೀಕರಣಕ್ಕೆ 40 ಡಾಲರ್, ಹುಡುಕಲು 10 ನಿಮಿಷ ಮೀರಿದರೆ ಇನ್ನು 15 ಡಾಲರ್. ದುಡ್ಡು ಕೇಳುವ ಖಾಸಗಿ ತಾಣಗಳ ಹೆಸರನ್ನೇ ಹಾಕಬೇಡಿ. ಖುಲಾಸೆಯಾದದ್ದನ್ನು ಅವು ಎಷ್ಟೋ ಸಲ ತಿದ್ದುವುದಿಲ್ಲ.

ಇಂದ: ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

ಕೈದಿಯ ವಿಚಾರದಲ್ಲಿ ಧಾರವಾಡದವರು ಹೇಳಿದ್ದು ಸರಿ, ತಿದ್ದಿಕೊಂಡೆ. ಆದರೆ ಪರದೆ ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಪದವೆಲ್ಲ ಇಂಗ್ಲಿಷಾಗಬೇಕು ಎಂದರೆ ಒಪ್ಪಲಾರೆ. ಬ್ಯಾಂಕು, ರೈಲು, ಆಸ್ಪತ್ರೆ, ಕೋರ್ಟು ಎಲ್ಲದರ ಪರದೆಯೂ ಇಂಗ್ಲಿಷೇ. ಒಂದೊಂದೇ ಅಂಗಳ ಬಿಟ್ಟುಕೊಡುತ್ತ ಹೋದರೆ ಕನ್ನಡಕ್ಕೆ ಉಳಿಯುವುದು ಅಡುಗೆಮನೆ.

ಇಂದ: ನ್ಯಾಯಾಲಯ ಅನುವಾದಕ, ಬೆಂಗಳೂರು

ಜಾಮೀನು, ವಕೀಲ, ಅರ್ಜಿ, ನಕಲು, ಖುಲಾಸೆ, ಮಹಜರು ಎಲ್ಲ ಹೊರಗಿನಿಂದ ಬಂದವು. ಇವನ್ನು ತೆಗೆದರೆ ನಮ್ಮ ಕೋರ್ಟು ಒಂದು ದಿನ ನಡೆಯದು. ಕನ್ನಡ ಅವನ್ನು ಜೀರ್ಣಿಸಿಕೊಂಡಿದೆ. ಆ ಜಗಳ ಬೇರೆ ಎಳೆಯಲ್ಲಿ ಆಗಲಿ.

ಇಲ್ಲಿ ಉಳಿದ ಗಂಟು ಇದು. ಕ್ಯಾಲಿಫೋರ್ನಿಯಾ ದಂಡ ಸಂಹಿತೆಯ 849.5ರ ಪ್ರಕಾರ ಆರೋಪಪತ್ರ ಸಲ್ಲಿಸದೆಯೇ ಬಿಟ್ಟುಬಿಟ್ಟರೆ ಅದನ್ನು ‘ಅರೆಸ್ಟ್’ ಅಲ್ಲ, ‘ಡಿಟೆನ್ಷನ್’ ಎಂದೇ ಎಣಿಸಬೇಕು. ಡಿಟೆನ್ಷನ್‌ಗೂ ‘ಬಂಧನ’ ಎಂದರೆ ಕಾನೂನು ಕೊಟ್ಟ ಅನುಕೂಲವನ್ನು ಅನುವಾದ ಕಿತ್ತುಕೊಂಡಂತೆ.

ಇಂದ: ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

‘ತಡೆಹಿಡಿದದ್ದು’. ಅಚ್ಚಗನ್ನಡ, ಎಲ್ಲ ಕಡೆಯವರಿಗೂ ತಿಳಿಯುತ್ತದೆ.

ಇಂದ: ನ್ಯಾಯಾಲಯ ಅನುವಾದಕ, ಬೆಂಗಳೂರು

ಮೇಷ್ಟ್ರೇ, ಇದನ್ನು ಪೂರ್ತಿ ಒಪ್ಪಿದೆ.

ಇಂದ: ಅನುವಾದಕಿ, ಸನಿವೇಲ್

ಎಲ್ಲರಿಗೂ ಕೃತಜ್ಞತೆ. ದಸ್ತಗಿರಿ, ತಡೆಹಿಡಿದದ್ದು, ಬುಕಿಂಗ್ (ಜೈಲು ದಾಖಲಾತಿ), ವಿಲೇವಾರಿ ಆದೇಶ ಇಷ್ಟು ಗಟ್ಟಿಯಾಯಿತು. ಸೀಲ್ಡ್‌ಗೆ ‘ಮೊಹರು ಹಾಕಿದ ದಾಖಲೆ’ ಎಂದು ಹಾಕಿದ್ದೇನೆ. ಮೊದಲ ವಾಕ್ಯ ಈಗ: ‘ಹಿಡಿದ ಜಾಗದ ಕೌಂಟಿ ಶೆರಿಫ್ ತಾಣದಲ್ಲಿ ನೋಡಿ, ದಸ್ತಗಿರಿಯಾಗಿದ್ದರೆ ಹೆಸರು ಸಿಗುತ್ತದೆ.’

ಇಂದ: ಕಾನೂನು ಸಹಾಯಕಿ, ಫ್ರೀಮಾಂಟ್

ಮೊಹರು ಬೇಡ. ಮೊಹರು ಬಿದ್ದ ಕಾಗದ ಎಂದರೆ ನಮ್ಮವರಿಗೆ ಅಧಿಕೃತ ಕಾಗದ. ಅರ್ಥ ತಿರುಗುಮುರುಗಾಗುತ್ತದೆ. ‘ಜನರಿಗೆ ಮುಚ್ಚಿದ ದಾಖಲೆ’ ಎನ್ನಿ. ‘ಅಳಿಸಿದ’ ಎಂದೂ ಬರೆಯಬಾರದು. ದಂಡ ಸಂಹಿತೆಯ 851.91ರಡಿ ಮುಚ್ಚಿಸಿದರೂ ಪೌರತ್ವದ ಎನ್-400 ಅರ್ಜಿಯಲ್ಲಿ ಎಂದಾದರೂ ದಸ್ತಗಿರಿಯಾಗಿತ್ತೇ ಎಂಬ ಪ್ರಶ್ನೆಗೆ ಹೌದು ಎಂದೇ ಹೇಳಬೇಕು, ವಿಲೇವಾರಿ ಆದೇಶದ ದೃಢೀಕೃತ ನಕಲನ್ನೂ ಕೊಡಬೇಕು. ಆ ನಕಲನ್ನು ಮುಚ್ಚಿಸುವ ಮೊದಲೇ ತೆಗೆದಿಟ್ಟುಕೊಳ್ಳಲಿ, ಆಮೇಲೆ ಕೋರ್ಟಿನ ಕಿಟಕಿಯಲ್ಲಿ ಕಷ್ಟ. ಇದನ್ನು ದಪ್ಪಕ್ಷರದಲ್ಲಿ ಹಾಕಿ.

ಮೊದಲ ವಾಕ್ಯವೂ ಹಾಗೇ ಹೋಗಬಾರದು. ಹೆಸರು ಸಿಗದಿದ್ದರೆ ದಸ್ತಗಿರಿಯೇ ಆಗಿಲ್ಲ ಎಂದು ಓದಿಕೊಂಡು ಸುಮ್ಮನಾಗಿಬಿಡುತ್ತಾರೆ. ಹೀಗೆ ಬರೆಯಿರಿ: ‘ಈಗ ಜೈಲಿನೊಳಗಿದ್ದರೆ ಮಾತ್ರ ಇಲ್ಲಿ ಹೆಸರು ಕಾಣುತ್ತದೆ. ಕಾಣದಿದ್ದರೆ ಎರಡು ಮೂರು ಗಂಟೆ ಬಿಟ್ಟು ಮತ್ತೆ ನೋಡಿ, ಪಕ್ಕದ ಕೌಂಟಿಯಲ್ಲೂ ನೋಡಿ, ಆಮೇಲೆ ಜೈಲಿಗೆ ಫೋನ್ ಮಾಡಿ.’