ಚಿತ್ರಗಳ ದಿನಚರಿ: ಹಾಳೆ ಯಾವುದು, ವಿಷಯ ಯಾವುದು?

ಪ್ರಶ್ನೆ: ನಾನು ಮೈಸೂರಿನವಳು. ಚಿತ್ರಗಳ ದಿನಚರಿ ಶುರು ಮಾಡಿದ್ದೇನೆ. ನೋಟ್‌ಬುಕ್‌ನಲ್ಲಿ ಜಲವರ್ಣ ಹಚ್ಚಿದರೆ ಹಾಳೆ ಸುಕ್ಕಾಗುತ್ತದೆ. ಕೆಲಸದಿಂದ ಬಂದ ಮೇಲೆ ಏನು ಬಿಡಿಸಬೇಕು ಅಂತಲೂ ತೋಚುವುದಿಲ್ಲ. ನೀವೆಲ್ಲ ಹೇಗೆ ಮುಂದುವರಿಸುತ್ತೀರಿ?

ಉತ್ತರ 1: ನೋಟ್‌ಬುಕ್ ಹಾಳೆ ತೆಳು, ನೀರು ತಡೆಯುವುದಿಲ್ಲ. 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಅಳತೆ) ಜಲವರ್ಣದ ಹಾಳೆ ಬೇಕು. ದುಬಾರಿ ನಿಜ. ದೊಡ್ಡ ಹಾಳೆ ಕೊಂಡು ಕತ್ತರಿಸಿ, ಎರಡೆರಡು ಹಾಳೆ ಒಟ್ಟಿಗೆ ಮಡಚಿ ಪುಸ್ತಕದಂತೆ ಹೊಲಿದುಕೊಳ್ಳಿ. ನಾನು ಹಾಗೇ ಮಾಡುವುದು. ಗೆರೆಗೆ ವಾಟರ್‌ಪ್ರೂಫ್ ಇಂಕಿನ ಪೆನ್ ಇರಲಿ, ಇಲ್ಲದಿದ್ದರೆ ಬಣ್ಣದ ಜೊತೆ ಕದಡುತ್ತದೆ.

ವಿಷಯಕ್ಕೆ ದೇವರಾಜ ಮಾರುಕಟ್ಟೆ ಇದೆ ಅಲ್ವಾ! ಕುಂಕುಮದ ರಾಶಿ, ಬಾಳೆಗೊನೆ, ಹೂ ಕಟ್ಟುವ ಕೈಗಳು. ಒಂದೇ ಹೂವಿನಂಗಡಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಿಡಿಸಿ ನೋಡಿ. ಬೆಳಗಿನ ನೆರಳು ಬೇರೆ. ಸಂಜೆ ಬಲ್ಬಿನ ಬೆಳಕಿಗೆ ಚೆಂಡುಹೂವಿನ ಬಣ್ಣವೇ ಬೇರೆ. ಕಂಡದ್ದನ್ನು ಪಕ್ಕದಲ್ಲಿ ಬರೆದಿಡಿ. ನನಗೆ ಚಿತ್ರಕ್ಕಿಂತ ಆ ಟಿಪ್ಪಣಿಗಳೇ ಜಾಸ್ತಿ ಇಷ್ಟ.

ಉತ್ತರ 2: ಕಾಫಿ ಕುಡಿಯುವಷ್ಟು ಹೊತ್ತು ಮಾತ್ರ ನಾನು ಕೂರುತ್ತೇನೆ. ಲೋಟ, ಚಪ್ಪಲಿ, ಕಿಟಕಿ, ಎದುರಿಗೆ ಕಂಡದ್ದು.

ಪ್ರಶ್ನೆ ಕೇಳಿದವರು: ಹೊಲಿಯಲು ಎಂಥ ದಾರ ಮೇಡಂ?

ಉತ್ತರ 1: ದಪ್ಪ ಹತ್ತಿ ದಾರ, ಮೇಣ ಸವರಿದ್ದು. ಮೊದಲು ದಬ್ಬಳದಿಂದ ತೂತು ಮಾಡಿಕೊಳ್ಳಿ.