ಸಹಾಯ ಬೇಕು: ಪೋರ್ಟ್‌ಫೋಲಿಯೊ ಸೈಟ್‌ನಲ್ಲಿ ನನ್ನದೇ ಕನ್ನಡ ಅಕ್ಷರ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಗ್ರಾಫಿಕ್ ಡಿಸೈನ್ ಕೊನೆ ವರ್ಷ. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಲು ಸ್ವಂತ ಪೋರ್ಟ್‌ಫೋಲಿಯೊ ವೆಬ್‌ಸೈಟ್ ಮಾಡುತ್ತಿದ್ದೇನೆ. ದುಡ್ಡು ಖರ್ಚಾಗಬಾರದು ಅಂತ, ಉಚಿತವಾಗಿ ಸೈಟ್ ಇಡಬಹುದಾದ ಗಿಟ್‌ಹಬ್ ಪೇಜಸ್‌ನಲ್ಲಿ.

ಆರು ಕೆಲಸ ಆರಿಸಿದ್ದೇನೆ. ನನಗೆ ತುಂಬಾ ಹತ್ತಿರವಾದದ್ದು ಹಲ್ಮಿಡಿ ಶಾಸನದ ಪೋಸ್ಟರ್‌ಗಳು. ಸುಮಾರು ಕ್ರಿ.ಶ. 450ರ ಆ ಶಾಸನ ನಮ್ಮ ಬೇಲೂರು ತಾಲ್ಲೂಕಿನದೇ ಅಲ್ವಾ, ಅದರ ತಿರುವುಗಳನ್ನು ನೋಡಿ ಈಗಿನ ಕನ್ನಡ ಅಕ್ಷರಗಳನ್ನು ಕೈಯಲ್ಲೇ ಬರೆದೆ. ‘ಕ್ಷ’ದ ಬಾಲ ಒಂದೇ ಸರಿ ಕೂರಲು ಎರಡು ವಾರ ಹಿಡಿಯಿತು.

ಹಳೆಯ ಕೆಲಸಗಳ ಬರಹ ಆಸ್ಕಿ ಫಾಂಟ್‌ನಲ್ಲಿತ್ತು (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಬಗೆ). ಸೈಟ್‌ಗೆ ಪೇಸ್ಟ್ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಕಡೆ ಕನ್ನಡವಾಗಿಯೇ ಓದಿಸಿಕೊಳ್ಳುವ ಯೂನಿಕೋಡ್‌ಗೆ ಬದಲಾಯಿಸಿ ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದೆ, ಅದು ಸರಿಹೋಯಿತು.

ಸಿಕ್ಕಿಹಾಕಿಕೊಂಡಿರುವುದು ಶೀರ್ಷಿಕೆಗಳಲ್ಲಿ. ಅಲ್ಲಿ ನನ್ನ ಅಕ್ಷರವೇ ಬೇಕು. ಔಟ್‌ಲೈನ್ ಮಾಡಿ (ಅಕ್ಷರವನ್ನು ಬರೀ ಆಕಾರವಾಗಿಸಿ) ಎಸ್‌ವಿಜಿ ಅನ್ನುವ ಚಿತ್ರದ ಫೈಲ್ ಆಗಿ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಆದರೆ ಗೂಗಲ್‌ಗೂ, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಅದು ಬರಹವಲ್ಲ, ಸುಮ್ನೆ ಒಂದು ಚಿತ್ರ. ಕಣ್ಣು ಕಾಣದವರಿಗೆ ನನ್ನ ಕೆಲಸದ ಹೆಸರೂ ತಲುಪದಿದ್ದರೆ ನನಗೆ ಸಮಾಧಾನ ಇಲ್ಲ. ಫಾಂಟೇ ಮಾಡೋಣ ಅಂತ ಫಾಂಟ್ ತಯಾರಿಸುವ ತಂತ್ರಾಂಶ ಫಾಂಟ್‌ಫೋರ್ಜ್ ತೆರೆದೆ. ಮೂಲಾಕ್ಷರ ಬಂದವು, ಒತ್ತಕ್ಷರ ಕೂರಲಿಲ್ಲ. ‘ಹಾಸನ’ ಸರಿ ಬರುತ್ತದೆ, ‘ಚಿಕ್ಕಮಗಳೂರು’ ಟೈಪ್ ಮಾಡಿದರೆ ‘ಕ್ಕ’ ಒಡೆದು ‘ಕ್‌ಕ’ ಆಗುತ್ತದೆ. ಮೂರು ರಾತ್ರಿ ಕೂತರೂ ಆಗಲಿಲ್ಲ. ಅರ್ಜಿಗೆ ಇನ್ನು ಹದಿನೈದೇ ದಿನ.

ಬಲ್ಲವರು ದಯವಿಟ್ಟು ಹೇಳಿ: ಆರೇ ಶೀರ್ಷಿಕೆಗಳಿಗೆ ಎಸ್‌ವಿಜಿ ಹಾಕಿ, ಅದೇ ಹೆಸರನ್ನು ಯೂನಿಕೋಡ್‌ನಲ್ಲಿ ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲು ಓದಿಸುವ ಬರಹ) ಆಗಿ ಕೊಟ್ಟರೆ ಸಾಕಾ? ಇಲ್ಲಾ, ಒತ್ತಕ್ಷರದ ನಿಯಮಗಳನ್ನು ಬರೆದು ಫಾಂಟನ್ನೇ ಮುಗಿಸಬೇಕಾ?