ಆನ್‌ಲೈನ್ ಮಾರಾಟದ ‘ಫುಲ್‌ಫಿಲ್‌ಮೆಂಟ್ ಸೆಂಟರ್’ಗೆ ‘ಉಗ್ರಾಣ’ ಎನ್ನಬಹುದೇ?

ಮಾನ್ಯರೇ,

ಪದವಿ ತರಗತಿಗಾಗಿ ವಾಣಿಜ್ಯದ ಪಠ್ಯವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಸಪ್ಲೈ ಚೈನ್’ಗೆ ‘ಪೂರೈಕೆ ಸರಪಳಿ’ ಎಂಬುದು ಪತ್ರಿಕೆಗಳಲ್ಲಿ ರೂಢಿಯಾಗಿರುವುದರಿಂದ ಅದನ್ನೇ ಇಟ್ಟುಕೊಂಡಿದ್ದೇನೆ. ತೊಡಕಿರುವುದು ಆ ಸರಪಳಿಯ ನಡುವಿನ ಒಂದು ಕೊಂಡಿಯಲ್ಲಿ.

‘ವೇರ್‌ಹೌಸ್’ಗೆ ‘ಉಗ್ರಾಣ’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಮದುವೆಮನೆಯಲ್ಲಿ ದಿನಸಿ ಇಡುವ ಕೋಣೆಯೂ ಉಗ್ರಾಣವೇ, ರಾಜ್ಯ ಉಗ್ರಾಣ ನಿಗಮದ ಕಟ್ಟಡವೂ ಉಗ್ರಾಣವೇ. ಕೂಡಿಟ್ಟು ಕಾಪಾಡಿ, ಬೇಕಾದಾಗ ಎಣಿಸಿಯೋ ಅಳೆದೋ ಕೊಡುವುದು ಎರಡರಲ್ಲೂ ಇರುವ ಅರ್ಥ. ಲಾರಿ ತುಂಬ ಬಂದ ಸರಕು ಕೆಲವು ವಾರ ತಂಗಿದ್ದು, ಪೆಟ್ಟಿಗೆಗಟ್ಟಲೆ ಅಂಗಡಿಗಳಿಗೆ ಹೋಗುವ ಸಗಟು ವ್ಯಾಪಾರಕ್ಕೆ ಆ ಪದ ಚೆನ್ನಾಗಿ ಒಪ್ಪುತ್ತದೆ.

ಆನ್‌ಲೈನ್ ವ್ಯಾಪಾರದಲ್ಲಿ ‘ಫುಲ್‌ಫಿಲ್‌ಮೆಂಟ್ ಸೆಂಟರ್’ ಎನಿಸಿಕೊಳ್ಳುವ ಆ ಕಟ್ಟಡದ ಕೆಲಸವೇ ಬದಲಾಗಿದೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಆಗಲಿ, 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಅಮೆಜಾನ್ ಆಗಲಿ ಸರಕನ್ನು ಕಳುಹಿಸುವುದು ಅಂಗಡಿಗಲ್ಲ, ಮನೆಗೆ; ಆದ್ದರಿಂದ ಒಬ್ಬರ ಚಾರ್ಜರನ್ನೂ ಇನ್ನೊಬ್ಬರ ಚಪ್ಪಲಿಯನ್ನೂ ಬಿಡಿಬಿಡಿಯಾಗಿ ಆರಿಸಿ, ಕಟ್ಟಿ, ವಿಳಾಸದ ಚೀಟಿ ಅಂಟಿಸಿ, ಪಿನ್‌ಕೋಡ್ ನೋಡಿ ವಿಂಗಡಿಸಿ ಕಳುಹಿಸುವುದೇ ಅಲ್ಲಿನ ಮುಖ್ಯ ಕೆಲಸ. ಅಳತೆ ಸರಿಹೋಗದೆ ವಾಪಸು ಬಂದ ಬಟ್ಟೆಯನ್ನು ಪರೀಕ್ಷಿಸಿ ಮತ್ತೆ ದಾಸ್ತಾನಿಗೆ ಸೇರಿಸುವುದೂ ಇದರ ಜೊತೆಗಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವ ಸರಕಿನ ಮೇಲಿದ್ದ ಕೇಂದ್ರ ಮಾರಾಟ ತೆರಿಗೆಯನ್ನು ತಪ್ಪಿಸಲು ರಾಜ್ಯಕ್ಕೊಂದು ಗೋದಾಮು ಇಡುವ ಅಗತ್ಯವೂ ಉಳಿಯಲಿಲ್ಲ.

ನಾನು ಯೋಚಿಸಿದ ಪದಗಳಲ್ಲಿ ‘ಪೂರೈಕೆ ಕೇಂದ್ರ’ ಎಂದರೆ ನೀರು, ವಿದ್ಯುತ್ತು ನೆನಪಾಗುತ್ತವೆ. ‘ವಿತರಣಾ ಕೇಂದ್ರ’ ಎಂದರೆ ಪಡಿತರ. ‘ಬಟವಾಡೆ’ ನನಗೆ ಬಹಳ ಇಷ್ಟದ ಮಾತು. ಸಂಬಳಕ್ಕೂ ಅಂಚೆಗೂ ಸಲ್ಲುತ್ತ ಬಂದಿರುವ ಅದರಲ್ಲಿ ಆಯಾ ವ್ಯಕ್ತಿಯ ಪಾಲನ್ನು ಅವರವರ ಕೈಗೇ ಮುಟ್ಟಿಸುವ ಭಾವವಿದೆ. ಹಾಗಾಗಿ ಅದನ್ನು ಮನೆಬಾಗಿಲಿಗೆ ತಲುಪಿಸುವ ಕೊನೆಯ ಹಂತಕ್ಕೇ ಮೀಸಲಿಡಬೇಕು ಅನಿಸುತ್ತದೆ. ಸದ್ಯಕ್ಕೆ ‘ರವಾನೆ ಉಗ್ರಾಣ’ ಎಂದು ಬರೆದಿದ್ದೇನೆ. ವಾಪಸು ಬರುವ ಸರಕು ಈ ಹೆಸರಿನಲ್ಲಿ ಅಡಗುವುದಿಲ್ಲ ಎಂಬ ಕೊರತೆ ಮಾತ್ರ ಕಾಡುತ್ತಿದೆ.

ಹತ್ತಾರು ನಿಮಿಷಗಳಲ್ಲಿ ದಿನಸಿ ತಲುಪಿಸುವವರ ‘ಡಾರ್ಕ್ ಸ್ಟೋರ್’ ಇನ್ನೂ ಕಠಿಣ. ‘ಕತ್ತಲೆ ಅಂಗಡಿ’ ಎಂದರೆ ಓದುಗರು ದಾರಿ ತಪ್ಪುತ್ತಾರೆ, ಏಕೆಂದರೆ ಗ್ರಾಹಕರಿಗೆ ಒಳಗೆ ಪ್ರವೇಶವಿಲ್ಲ ಎಂಬುದಷ್ಟೇ ಅದರ ವಿಶೇಷ. ‘ಬಡಾವಣೆ ಉಗ್ರಾಣ’ ಎಂದರೆ ಅರ್ಥವಾದೀತೇ?

ಹೊಸಕೋಟೆ, ಮಾಲೂರು, ನೆಲಮಂಗಲದ ಸುತ್ತಲಿನ ಇಂಥ ಕಟ್ಟಡಗಳಲ್ಲಿ ದುಡಿದವರು ಈ ಬಳಗದಲ್ಲಿದ್ದರೆ, ಅಲ್ಲಿನ ಕೆಲಸಗಾರರು ಆ ಜಾಗವನ್ನೂ ವಾಪಸು ಬಂದ ಮಾಲನ್ನೂ ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿ.